ಸಾಂಕ್ರಾಮಿಕ ಕಾಲದಲ್ಲಿ ಪ್ರಯಾಣ ಕಂಪನಿಗಳ ಷೇರು: ಅಗ್ಗವೆಂದು ಕೊಳ್ಳುವ ಮುನ್ನ

ಇಂಡಿಗೊ ವಿಮಾನಗಳನ್ನು ನಡೆಸುವ ಇಂಟರ್‌ಗ್ಲೋಬ್ ಏವಿಯೇಷನ್ ಕಂಪನಿಯು 2015ರಲ್ಲಿ ತನ್ನ ಷೇರುಗಳನ್ನು ತಲಾ 765 ರೂಪಾಯಿಗೆ ಸಾರ್ವಜನಿಕರಿಗೆ ನೀಡಿತು. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಭೀತಿಯಿಂದ ಪೇಟೆ ಕುಸಿದಾಗ, ಆ ಷೇರು ಬಹುತೇಕ ಹೊರಟಲ್ಲಿಗೇ ಮರಳಿತ್ತು. 2025ರಲ್ಲಿ ಅದೇ ಷೇರು 5,000 ರೂಪಾಯಿಯನ್ನು ದಾಟಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ‘ಸಾಂಕ್ರಾಮಿಕ ಬಂದಾಗ ಎಲ್ಲರೂ ಹೆದರಿ ಮಾರುವ ಪ್ರಯಾಣ ಕಂಪನಿಗಳ ಷೇರನ್ನೇ ಕೊಳ್ಳಬೇಕು; ರೋಗ ಹೋದ ಮೇಲೆ ಐದಾರು ಪಟ್ಟು ಖಂಡಿತ’ ಎಂದು ವಾದಿಸುವವರನ್ನು ನಮ್ಮ ಕಚೇರಿಗಳಲ್ಲಿ ಇಂದಿಗೂ ಕಾಣುತ್ತೇವೆ. ಈ ವಾದದಲ್ಲಿ ಒಂದು ದೊಡ್ಡ ಲೋಪವಿದೆ. ಅದು ಬದುಕುಳಿದ ಕಂಪನಿಯನ್ನು ಮಾತ್ರ ಎಣಿಸುತ್ತದೆ. ಅಳಿದುಹೋದವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದೇಶದ ಡಿಮ್ಯಾಟ್ ಖಾತೆಗಳ ಸಂಖ್ಯೆ 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿಯಷ್ಟಿತ್ತು; 2022ರ ಮಾರ್ಚ್ ವೇಳೆಗೆ ಅದು ಸುಮಾರು 9 ಕೋಟಿಗೆ ಏರಿತು. ಹೊಸದಾಗಿ ಸೇರಿದವರಲ್ಲಿ ಬಹುಪಾಲು ಜನರು ಷೇರುಪೇಟೆಯ ಏರುಗಾಲವನ್ನು ಮಾತ್ರ ಕಂಡವರು. ಮುಂದೊಮ್ಮೆ ಇಂತಹುದೇ ಸಂಕಟ ಬಂದಾಗ ಅವರು ತಪ್ಪು ಪಾಠವನ್ನು ನೆನಪಿಟ್ಟುಕೊಂಡು ಕುಟುಂಬದ ಉಳಿತಾಯವನ್ನು ತೊಡಗಿಸಬಾರದು ಎಂಬುದೇ ಈ ಲೇಖನದ ಉದ್ದೇಶ.

ಪ್ರಯಾಣೋದ್ಯಮದ ಲೆಕ್ಕವೇ ಬೇರೆ

ಬಟ್ಟೆ ಅಂಗಡಿಯವನಿಗೆ ಈ ತಿಂಗಳು ಮಾರಾಟವಾಗದ ಸೀರೆಯನ್ನು ಮುಂದಿನ ತಿಂಗಳು ಮಾರುವ ಅವಕಾಶವಿದೆ. ಆದರೆ ನಿನ್ನೆ ರಾತ್ರಿ ಬೈಂದೂರಿನಿಂದ ಬೆಂಗಳೂರಿಗೆ ಖಾಲಿ ಹೋದ ಬಸ್ಸಿನ ಸೀಟನ್ನು ಇಂದು ಯಾರಿಗೂ ಮಾರಲಾಗದು. ಕೊಲ್ಲೂರಿನ ವಸತಿಗೃಹದಲ್ಲಿ ನಿನ್ನೆ ಖಾಲಿ ಉಳಿದ ಕೊಠಡಿಯ ಬಾಡಿಗೆ ಶಾಶ್ವತವಾಗಿ ಹೋದಂತೆಯೇ. ವಿಮಾನ, ರೈಲು, ಪ್ರವಾಸ ಏರ್ಪಾಟು, ಹೋಟೆಲು ಇವೆಲ್ಲವೂ ಈ ಗುಂಪಿಗೆ ಸೇರಿದ ವ್ಯವಹಾರಗಳು. ಇಲ್ಲಿ ಕಳೆದ ದಿನದ ಆದಾಯ ಮುಂದಕ್ಕೆ ಉಳಿಯುವುದಿಲ್ಲ.

ಇನ್ನೊಂದೆಡೆ ಖರ್ಚು ಮಾತ್ರ ನಿಲ್ಲುವುದಿಲ್ಲ. ವಿಮಾನ ಹಾರಿದರೂ ಹಾರದಿದ್ದರೂ ಅದರ ಗುತ್ತಿಗೆ ಬಾಡಿಗೆ, ನಿಲುಗಡೆ ಶುಲ್ಕ, ವಿಮೆ, ಪೈಲಟ್ ಹಾಗೂ ತಂತ್ರಜ್ಞರ ವೇತನ, ಸಾಲದ ಬಡ್ಡಿ ಇವುಗಳನ್ನು ತೆರಲೇಬೇಕು. ಇವನ್ನು ನಿಶ್ಚಿತ ವೆಚ್ಚ ಎನ್ನುತ್ತೇವೆ. ನಿಶ್ಚಿತ ವೆಚ್ಚ ಹೆಚ್ಚಿರುವ ಉದ್ಯಮದಲ್ಲಿ ವಹಿವಾಟು ಶೇ. 20ರಷ್ಟು ಇಳಿದರೆ ಲಾಭ ಪೂರ್ತಿ ಕರಗಬಹುದು, ಶೇ. 80ರಷ್ಟು ಇಳಿದರೆ ಕಂಪನಿಯ ಬಂಡವಾಳವೇ ಕರಗತೊಡಗುತ್ತದೆ.

2020ರಲ್ಲಿ ಆದದ್ದು ಇದಕ್ಕಿಂತಲೂ ಕಠಿಣ. ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗಿನ ಪ್ರಯಾಣಿಕ ವಿಮಾನ ಸಂಚಾರ ಸಂಪೂರ್ಣ ನಿಂತಿತ್ತು. ನಿಯಮಿತ ಅಂತಾರಾಷ್ಟ್ರೀಯ ವಿಮಾನಗಳು ಮಾರ್ಚ್ 23ರಂದು ನಿಂತವು, ಪುನಃ ಆರಂಭವಾದದ್ದು 2022ರ ಮಾರ್ಚ್ 27ರಂದು. ಆರಂಭದಲ್ಲಿ ವಾರಗಳ ಮಾತೆಂದು ಭಾವಿಸಿದ್ದು ಎರಡು ವರ್ಷ ನಡೆಯಿತು. ಇಂಟರ್‌ಗ್ಲೋಬ್ ಏವಿಯೇಷನ್ 2020-21ರಲ್ಲಿ ಸುಮಾರು 5,806 ಕೋಟಿ ರೂ., 2021-22ರಲ್ಲಿ ಸುಮಾರು 6,162 ಕೋಟಿ ರೂ. ನಷ್ಟ ಅನುಭವಿಸಿತು. 2022-23ರಲ್ಲಿಯೂ ಸುಮಾರು 306 ಕೋಟಿ ರೂ. ನಷ್ಟವಿತ್ತು. ಸುಮಾರು 8,172 ಕೋಟಿ ರೂ. ಲಾಭ ಬಂದದ್ದು 2023-24ರಲ್ಲಿ. ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಗೇ ಈ ಸ್ಥಿತಿ ಒದಗಿದ್ದರೆ ಸಣ್ಣವರ ಪಾಡನ್ನು ಊಹಿಸಬಹುದು.

ಕರಾವಳಿಯ ಓದುಗರಿಗೆ ಒಂದು ಹೋಲಿಕೆ ಸುಲಭವಾಗಿ ಅರ್ಥವಾದೀತು. ಗಂಗೊಳ್ಳಿಯ ಯಾಂತ್ರಿಕ ಬೋಟುಗಳಿಗೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುತ್ತದೆ. ಬೋಟಿನ ಮಾಲೀಕರು ಅದಕ್ಕೆ ಮೊದಲೇ ಹಣ ತೆಗೆದಿರಿಸುತ್ತಾರೆ, ಬಲೆ ದುರಸ್ತಿಗೆ ಆ ಸಮಯವನ್ನು ಬಳಸುತ್ತಾರೆ. ಆದಾಯವಿಲ್ಲದ ಎರಡು ತಿಂಗಳು ಅವರನ್ನು ಮುಳುಗಿಸುವುದಿಲ್ಲ. ಏಕೆಂದರೆ ಆಗಸ್ಟ್ 1 ಎಂಬ ದಿನಾಂಕ ಅವರಿಗೆ ಗೊತ್ತು. ಸಾಂಕ್ರಾಮಿಕಕ್ಕೆ ಅಂತಹ ದಿನಾಂಕವಿಲ್ಲ. ಆದ್ದರಿಂದ ಆ ಕಾಲದಲ್ಲಿ ಪ್ರಯಾಣ ಕಂಪನಿಯ ಷೇರು ಕೊಳ್ಳುವವನು ವಾಸ್ತವವಾಗಿ ಒಂದೇ ಒಂದು ಪಂದ್ಯ ಕಟ್ಟುತ್ತಿದ್ದಾನೆ: ಕಂಪನಿಯ ಕೈಯಲ್ಲಿರುವ ನಗದು ರೋಗಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು. ಉಳಿದ ವಿಚಾರಗಳೆಲ್ಲ ಇದರ ನಂತರದವು.

ನಗದು ಎಷ್ಟು ತಿಂಗಳಿಗೆ?

ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟು, ಇದಕ್ಕೆ ಉತ್ತರ ನೀಡುತ್ತದೆ. ಆದರೆ ಅದನ್ನು ಎಚ್ಚರದಿಂದ ಓದಬೇಕು. ಪ್ರವಾಸ ಸಂಸ್ಥೆಗಳೂ ವಿಮಾನ ಸಂಸ್ಥೆಗಳೂ ಗ್ರಾಹಕರಿಂದ ಮುಂಗಡ ಹಣ ಪಡೆದು ತಿಂಗಳುಗಳ ಬಳಿಕ ಸೇವೆ ಒದಗಿಸುತ್ತವೆ. ಒಳ್ಳೆಯ ಕಾಲದಲ್ಲಿ ಈ ಮುಂಗಡವೇ ಬಡ್ಡಿಯಿಲ್ಲದ ದುಡಿಯುವ ಬಂಡವಾಳ. ಪ್ರಯಾಣ ನಿಂತ ದಿನ ಅದೇ ಹಣ ತಕ್ಷಣ ಮರಳಿಸಬೇಕಾದ ಸಾಲವಾಗುತ್ತದೆ. 2020ರ ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಲಾಕ್‌ಡೌನ್ ಕಾರಣದಿಂದ ರದ್ದಾದ ವಿಮಾನ ಟಿಕೆಟ್‌ಗಳ ಹಣವನ್ನು ಮರಳಿಸುವ ಬಗ್ಗೆ ಆದೇಶ ನೀಡಿದಾಗ ಈ ಹೊಣೆ ಎಲ್ಲರ ಕಣ್ಣಿಗೆ ಬಿತ್ತು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಪ್ರವಾಸ ಕಂಪನಿಯ ಪುಸ್ತಕದಲ್ಲಿ 60 ಕೋಟಿ ರೂ. ನಗದು ಇದೆ, ತಿಂಗಳ ನಿಶ್ಚಿತ ವೆಚ್ಚ 5 ಕೋಟಿ ರೂ. ಮೇಲ್ನೋಟಕ್ಕೆ 12 ತಿಂಗಳು ನಿರಾತಂಕ. ಆದರೆ ಈ 60 ಕೋಟಿಯಲ್ಲಿ 35 ಕೋಟಿ ಗ್ರಾಹಕರ ಮುಂಗಡ. ಮರಳಿಸಬೇಕಾಗಿ ಬಂದರೆ ಉಳಿಯುವುದು 25 ಕೋಟಿ. ಮುಂದಿನ ಕೆಲವೇ ವಾರಗಳಲ್ಲಿ ಬ್ಯಾಂಕಿಗೆ ಕಟ್ಟಬೇಕಾದ ಕಂತು 10 ಕೋಟಿ. ಕೊನೆಗೆ ಕೈಯಲ್ಲಿರುವುದು 15 ಕೋಟಿ, ಅಂದರೆ ಮೂರು ತಿಂಗಳ ಉಸಿರು. ಷೇರಿನ ಬೆಲೆಯ ನಕ್ಷೆಯನ್ನು ಎಷ್ಟು ದಿಟ್ಟಿಸಿದರೂ ಈ ಮೂರು ತಿಂಗಳು ಅದರಲ್ಲಿ ಕಾಣುವುದಿಲ್ಲ.

ವಿಮಾನ ಸಂಸ್ಥೆಗಳ ವಿಷಯದಲ್ಲಿ ಇನ್ನೊಂದು ಅಂಶವಿದೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಲೆಕ್ಕಪತ್ರ ಮಾನದಂಡದಂತೆ (ಇಂಡ್ ಎಎಸ್ 116) ಗುತ್ತಿಗೆಯ ಹೊಣೆಯನ್ನು ಅಢಾವೆ ಪತ್ರಿಕೆಯಲ್ಲಿಯೇ ತೋರಿಸಬೇಕು. ‘ನಮ್ಮ ಕಂಪನಿಗೆ ಬ್ಯಾಂಕ್ ಸಾಲವೇ ಇಲ್ಲ’ ಎಂಬ ಮಾತಿಗೆ ಮರುಳಾಗದೆ ಗುತ್ತಿಗೆ ಹೊಣೆ ಎಂಬ ಸಾಲನ್ನೂ ಓದಬೇಕು. ವಿಮಾನ ಸಂಸ್ಥೆಗೆ ಅದೂ ಸಾಲವೇ.

ಪುಸ್ತಕದಲ್ಲಿ ನಗದು ಇದ್ದರೆ ಸಾಲದು, ಅದು ನಿಜವಾಗಿಯೂ ಕೈಗೆ ಸಿಗುವಂತಿರಬೇಕು. 1758ರಿಂದ ಹೆಸರು ಮಾಡಿದ್ದ ಕಾಕ್ಸ್ ಆ್ಯಂಡ್ ಕಿಂಗ್ಸ್ ಪ್ರವಾಸ ಸಂಸ್ಥೆ ದೊಡ್ಡ ಮೊತ್ತದ ನಗದು ಇದೆಯೆಂದು ತೋರಿಸುತ್ತಿದ್ದಾಗಲೇ 2019ರ ಜೂನ್‌ನಲ್ಲಿ ತನ್ನ ಅಲ್ಪಾವಧಿ ಸಾಲಪತ್ರದ ಹಣ ತೀರಿಸಲಾಗದೆ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಸಾಂಕ್ರಾಮಿಕ ಇನ್ನೂ ಬಂದಿರಲಿಲ್ಲ. ಒಳ್ಳೆಯ ಕಾಲದಲ್ಲಿಯೇ ಸೋರುತ್ತಿದ್ದ ಮಾಡು ಮಳೆಗಾಲವನ್ನು ತಾಳುವುದೆಂದು ನಂಬಿದವರು ಎಲ್ಲವನ್ನೂ ಕಳೆದುಕೊಂಡರು.

ಬೆಲೆ ಇಳಿದದ್ದೆಲ್ಲ ಅಗ್ಗವಲ್ಲ

100 ರೂಪಾಯಿಯ ಷೇರು 25ಕ್ಕೆ ಇಳಿದರೆ ಕುಸಿತ ಶೇ. 75. ಅದು ಮರಳಿ 100 ತಲುಪಲು ಶೇ. 300ರಷ್ಟು ಏರಬೇಕು. ಇದು ಅಂಕಗಣಿತದ ಮೊದಲ ಪಾಠ. ಎರಡನೆಯ ಪಾಠ ಇದಕ್ಕಿಂತ ಸೂಕ್ಷ್ಮವಾದುದು.

ನಗದು ತೀರುತ್ತಿರುವ ಕಂಪನಿ ಹೊಸ ಷೇರುಗಳನ್ನು ನೀಡಿ ಹಣ ಎತ್ತುತ್ತದೆ. ಅದೂ ಬೆಲೆ ಅತಿ ಕಡಿಮೆ ಇರುವ ಹೊತ್ತಿನಲ್ಲಿ. 10 ಕೋಟಿ ಷೇರುಗಳಿರುವ ಕಂಪನಿಯ ಬೆಲೆ 100ರಿಂದ 30ಕ್ಕೆ ಇಳಿದಾಗ ಅದು ಇನ್ನೂ 10 ಕೋಟಿ ಷೇರುಗಳನ್ನು 30 ರೂಪಾಯಿಗೆ ನೀಡಿ 300 ಕೋಟಿ ರೂ. ಪಡೆದು, ಆ ಹಣವನ್ನು ಸಂಬಳ, ಬಾಡಿಗೆ, ಬಡ್ಡಿಗೆ ವೆಚ್ಚ ಮಾಡಿತೆನ್ನೋಣ. ಎರಡು ವರ್ಷಗಳ ಬಳಿಕ ವ್ಯವಹಾರ ಪೂರ್ತಿ ಚೇತರಿಸಿ ಕಂಪನಿಯ ಒಟ್ಟು ಮೌಲ್ಯ ಮೊದಲಿನಂತೆ 1,000 ಕೋಟಿ ಆದರೂ ಪ್ರತಿ ಷೇರಿಗೆ ಬರುವುದು 50 ರೂ. ಮಾತ್ರ. ಉದ್ಯಮ ಗುಣವಾಯಿತು, ಹಳೆಯ ಷೇರುದಾರ ಗುಣವಾಗಲಿಲ್ಲ.

ಭಾರತದ ಥಾಮಸ್ ಕುಕ್ ಕಂಪನಿಯ ಉದಾಹರಣೆ ಇಲ್ಲಿ ಎರಡು ರೀತಿಯಲ್ಲಿ ಉಪಯುಕ್ತ. ಬ್ರಿಟನ್ನಿನ ಥಾಮಸ್ ಕುಕ್ 2019ರ ಸೆಪ್ಟೆಂಬರ್ 23ರಂದು ಬಾಗಿಲು ಮುಚ್ಚಿತು. ಭಾರತದ ಕಂಪನಿ 2012ರಿಂದಲೇ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಒಡೆತನದಲ್ಲಿದ್ದ ಪ್ರತ್ಯೇಕ ಸಂಸ್ಥೆ. ಹೆಸರೊಂದೇ, ಲೆಕ್ಕ ಬೇರೆ. ಸಾಂಕ್ರಾಮಿಕದ ವೇಳೆ ಅದು ಉಳಿದದ್ದು ಪ್ರವರ್ತಕರ ಬಲದಿಂದ. ಷೇರಾಗಿ ಪರಿವರ್ತಿಸಬಹುದಾದ ಆದ್ಯತಾ ಷೇರುಗಳ ಮೂಲಕ ಪ್ರವರ್ತಕರು ಹಣ ತೊಡಗಿಸಿದರು. ಶ್ರೀಮಂತ ಪ್ರವರ್ತಕರಿದ್ದರೆ ಕಂಪನಿ ಉಳಿಯುತ್ತದೆ ಎಂಬುದು ಇದರ ಒಂದು ಮುಖ. ಹಾಗೆ ಬಂದ ಹಣ ಷೇರಾಗಿ ಪರಿವರ್ತನೆಯಾದಾಗ ಸಣ್ಣ ಷೇರುದಾರನ ಪಾಲು ಕಿರಿದಾಗುತ್ತದೆ ಎಂಬುದು ಇನ್ನೊಂದು ಮುಖ.

ಸರತಿಯ ಕೊನೆಯಲ್ಲಿ ಷೇರುದಾರ

ಕಂಪನಿ ಮುಳುಗಿದರೆ ಆಸ್ತಿ ಮಾರಿ ಬಂದ ಹಣವನ್ನು ಯಾರಿಗೆ ಮೊದಲು ಕೊಡಬೇಕೆಂಬುದನ್ನು 2016ರ ದಿವಾಳಿ ಸಂಹಿತೆಯ 53ನೇ ಕಲಮು ನಿಗದಿಪಡಿಸಿದೆ. ಮೊದಲು ಪ್ರಕ್ರಿಯೆಯ ವೆಚ್ಚ, ಅನಂತರ ಕಾರ್ಮಿಕರ ಬಾಕಿ ಮತ್ತು ಅಡಮಾನ ಪಡೆದ ಸಾಲಗಾರ ಸಂಸ್ಥೆಗಳು, ಬಳಿಕ ಇತರ ನೌಕರರು, ಅಡಮಾನವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ಬಾಕಿ, ಉಳಿದ ಬಾಕಿದಾರರು, ಆದ್ಯತಾ ಷೇರುದಾರರು. ಸಾಮಾನ್ಯ ಷೇರುದಾರ ಈ ಸರತಿಯ ಕಟ್ಟಕಡೆಯಲ್ಲಿ ನಿಂತಿರುತ್ತಾನೆ. ಅವನ ಪಾಳಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಏನೂ ಉಳಿದಿರುವುದಿಲ್ಲ.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಸಾಂಕ್ರಾಮಿಕದ ನಡುವೆ, 2020ರ ಅಕ್ಟೋಬರ್‌ನಲ್ಲಿ, ಹೊಸ ಮಾಲೀಕರ ಪುನರುಜ್ಜೀವನ ಯೋಜನೆಗೆ ಸಾಲ ನೀಡಿದವರು ಒಪ್ಪಿದರೆಂಬ ಸುದ್ದಿ ಬಂದಾಗ, ಒಂದು ವಿಮಾನವೂ ಹಾರದ ಕಂಪನಿಯ ಷೇರಿಗೆ ಮತ್ತೆ ಬೇಡಿಕೆ ಹುಟ್ಟಿತು. ಯೋಜನೆ ಕಾರ್ಯಗತವಾಗಲಿಲ್ಲ. 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಕಂಪನಿಯ ಸಮಾಪನೆಗೆ ಆದೇಶಿಸಿತು. ಆಗಲೂ ಒಂದು ಲಕ್ಷಕ್ಕೂ ಹೆಚ್ಚು ಸಣ್ಣ ಹೂಡಿಕೆದಾರರ ಬಳಿ ಆ ಷೇರುಗಳಿದ್ದವು.

ಗೋ ಏರ್‌ಲೈನ್ಸ್ ಕಂಪನಿಯದು ಇನ್ನೊಂದು ಪಾಠ. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ತೀವ್ರತೆಯ ನಡುವೆ, ಅದು 3,600 ಕೋಟಿ ರೂ. ಸಾರ್ವಜನಿಕ ನೀಡಿಕೆಗಾಗಿ ಸೆಬಿಗೆ ದಾಖಲೆ ಸಲ್ಲಿಸಿತ್ತು. ಆ ನೀಡಿಕೆ ಪೇಟೆಗೆ ಬರಲೇ ಇಲ್ಲ. ಎಂಜಿನ್ ಪೂರೈಕೆಯ ತೊಂದರೆಯನ್ನು ಮುಂದಿಟ್ಟು ಕಂಪನಿ 2023ರ ಮೇ ತಿಂಗಳಲ್ಲಿ ತಾನೇ ದಿವಾಳಿ ಅರ್ಜಿ ಸಲ್ಲಿಸಿತು. 2025ರ ಜನವರಿಯಲ್ಲಿ ಸಮಾಪನೆಯ ಆದೇಶವಾಯಿತು. ನೀಡಿಕೆ ನಡೆದಿದ್ದರೆ ಎಷ್ಟು ಮನೆಗಳ ಉಳಿತಾಯ ಅದರಲ್ಲಿ ಸಿಲುಕುತ್ತಿತ್ತೆಂಬುದನ್ನು ಯೋಚಿಸಬೇಕು. ಸಾಂಕ್ರಾಮಿಕದ ಗಾಯ ಕೆಲವೊಮ್ಮೆ ರೋಗ ಹೋದ ಬಳಿಕವೇ ಕೊಲ್ಲುತ್ತದೆ.

ಕರ್ನಾಟಕದ ಹಿರಿಯ ಹೂಡಿಕೆದಾರರಿಗೆ ಇದು ಹೊಸತೇನಲ್ಲ. 2006ರಲ್ಲಿ ಬೆಂಗಳೂರಿನ ಡೆಕ್ಕನ್ ಏವಿಯೇಷನ್ ಷೇರನ್ನು 148 ರೂಪಾಯಿಗೆ ಕೊಂಡವರು ವಿಲೀನದ ಬಳಿಕ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಷೇರುದಾರರಾದರು. 2012ರ ಅಕ್ಟೋಬರ್‌ನಲ್ಲಿ ಆ ವಿಮಾನಗಳು ನೆಲಕ್ಕಿಳಿದವು. ಷೇರು ಕೊನೆಗೆ ಪೇಟೆಯ ಪಟ್ಟಿಯಿಂದಲೇ ಹೊರಬಿತ್ತು. ಸಾಂಕ್ರಾಮಿಕವಿಲ್ಲದ ಕಾಲದಲ್ಲಿಯೂ ಈ ಉದ್ಯಮದ ಅಂಚು ಎಷ್ಟು ತೆಳುವೆಂಬುದಕ್ಕೆ ಇದು ನಿದರ್ಶನ. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರು ನಾಲ್ಕು ವಿಮಾನ ಸಂಸ್ಥೆಗಳಲ್ಲಿದ್ದ ತಮ್ಮ ಕಂಪನಿಯ ಎಲ್ಲ ಷೇರುಗಳನ್ನು ನಷ್ಟದಲ್ಲಿಯೇ ಮಾರಿದ್ದನ್ನು 2020ರ ಮೇ 2ರಂದು ಪ್ರಕಟಿಸಿದರು. ಆ ಕಂಪನಿಗಳ ಷೇರುಗಳು ಮುಂದೆ ಏರಿದವು, ನಿಜ. ಆದರೆ ನಾಳೆಯನ್ನು ಅಳೆಯಲಾಗದಾಗ ಹಿಂದೆ ಸರಿಯುವುದೂ ಒಂದು ನಿರ್ಧಾರವೆಂಬುದನ್ನು ಅದು ತೋರಿಸಿತು.

ಗಟ್ಟಿ ಕಂಪನಿಗೂ ತಪ್ಪದ ಅಪಾಯ

ಎಲ್ಲ ಪ್ರಯಾಣ ಕಂಪನಿಗಳೂ ಒಂದೇ ತೆರನಲ್ಲ. ರೈಲ್ವೆಯ ಆನ್‌ಲೈನ್ ಟಿಕೆಟ್ ಮತ್ತು ಆಹಾರ ಪೂರೈಕೆ ನಡೆಸುವ ಐಆರ್‌ಸಿಟಿಸಿ ಸಂಸ್ಥೆಯ ವಹಿವಾಟು 2019-20ರ ಸುಮಾರು 2,275 ಕೋಟಿಯಿಂದ 2020-21ರಲ್ಲಿ ಸುಮಾರು 783 ಕೋಟಿಗೆ ಕುಸಿಯಿತು. ಆದರೂ ಅದು ಸುಮಾರು 190 ಕೋಟಿ ರೂ. ಲಾಭ ತೋರಿಸಿತು, ಸಾಲವಿಲ್ಲದಿರುವಿಕೆ ಮತ್ತು ಕಡಿಮೆ ನಿಶ್ಚಿತ ವೆಚ್ಚ ಅದನ್ನು ಕಾಪಾಡಿದವು. ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್‌ನಲ್ಲಿ ಬಸ್ಸುಗಳು ನಿಂತಾಗಲೂ ಸರಕು ಸಾಗಣೆಯ ಆದಾಯ ಕಂಪನಿಯನ್ನು ಆಧರಿಸಿತು. ಮುಂದೆ ಬಸ್ ವಿಭಾಗವನ್ನು ಅದು ಸಮೂಹದ ಬೇರೊಂದು ಕಂಪನಿಗೆ ಮಾರಿ ಸರಕು ಸಾಗಣೆಯನ್ನೇ ಮುಖ್ಯವಾಗಿಸಿಕೊಂಡಿತು.

ಆದರೆ ಗಟ್ಟಿ ಕಂಪನಿಯ ಷೇರಿಗೂ ಬೆಲೆಯ ಅಪಾಯ ತಪ್ಪಿದ್ದಲ್ಲ. ಐಆರ್‌ಸಿಟಿಸಿ ಷೇರು 2020ರ ಫೆಬ್ರವರಿಯಲ್ಲಿ 2,000 ರೂಪಾಯಿಯ ಸಮೀಪವಿತ್ತು. ಒಂದೇ ತಿಂಗಳಲ್ಲಿ 1,000ಕ್ಕಿಂತ ಕೆಳಗಿಳಿಯಿತು. ಸರ್ಕಾರದ ನೀತಿಯ ಅಪಾಯ ಇನ್ನೊಂದು. 2021ರ ಅಕ್ಟೋಬರ್ 28ರಂದು, ಟಿಕೆಟ್ ಮೇಲಿನ ಸೇವಾಶುಲ್ಕದ ಅರ್ಧವನ್ನು ರೈಲ್ವೆಗೆ ಕೊಡಬೇಕೆಂಬ ಆದೇಶ ಹೊರಬಿತ್ತು. ಮರುದಿನ ಪೇಟೆ ತೆರೆದಾಗ ಷೇರು ತೀವ್ರವಾಗಿ ಕುಸಿಯಿತು. ಅದೇ ದಿನ ಆದೇಶ ಹಿಂದೆಗೆಯಲ್ಪಟ್ಟಿತು. ಬೆಳಗ್ಗೆ ಹೆದರಿ ಮಾರಿದವರ ನಷ್ಟವನ್ನು ಮಾತ್ರ ಯಾರೂ ಹಿಂದೆಗೆದುಕೊಳ್ಳಲಿಲ್ಲ.

ನಮ್ಮ ಭಾಗದವರಿಗೆ ಇಮ್ಮಡಿ ಅಪಾಯ

ಉಪ್ಪುಂದ, ಬೈಂದೂರು, ಕುಂದಾಪುರ, ಬ್ರಹ್ಮಾವರ ಭಾಗದ ಸದಸ್ಯರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿನ ಅನೇಕ ಮನೆಗಳ ಆದಾಯ ಬೆಂಗಳೂರು, ಮುಂಬಯಿ, ಹೈದರಾಬಾದುಗಳ ಹೋಟೆಲುಗಳಿಂದ ಬರುತ್ತದೆ. ಇಲ್ಲಿಯೇ ಇರುವವರು ಕೊಲ್ಲೂರಿನ ಯಾತ್ರಿಕರು, ಮರವಂತೆಯ ಕಡಲತೀರಕ್ಕೆ ಬರುವವರು, ಬಸ್ಸು, ಟ್ಯಾಕ್ಸಿ, ವಸತಿಗೃಹಗಳನ್ನು ನಂಬಿದವರು. ಅಂದರೆ ನಮ್ಮ ಮನೆಯ ಮುಖ್ಯ ಆದಾಯವೇ ಜನರ ಓಡಾಟದ ಮೇಲೆ ನಿಂತಿದೆ.

2020ರ ಮಾರ್ಚ್‌ನಲ್ಲಿ ಹೋಟೆಲುಗಳು ಮುಚ್ಚಿದವು. ಮೇ ತಿಂಗಳಲ್ಲಿ ಮುಂಬಯಿಯಿಂದ ಮರಳಿದವರನ್ನು ನಮ್ಮ ಶಾಲೆಗಳಲ್ಲಿಯೇ ಪ್ರತ್ಯೇಕವಾಗಿ ಇರಿಸಲಾಯಿತು. ಜೂನ್ 8ರವರೆಗೆ ರಾಜ್ಯದ ದೇವಾಲಯಗಳು ಭಕ್ತರಿಗೆ ತೆರೆಯಲಿಲ್ಲ. ಮರುವರ್ಷ ಎರಡನೆಯ ಅಲೆಯಲ್ಲಿ ಮತ್ತೆ ಜುಲೈ 5ರವರೆಗೆ ಮುಚ್ಚಿದ್ದವು. ಅಂತಹ ಹೊತ್ತಿನಲ್ಲಿ ಉಳಿತಾಯವೂ ಪ್ರಯಾಣ ಕಂಪನಿಗಳ ಷೇರಿನಲ್ಲಿದ್ದರೆ ಏನಾಗುತ್ತದೆ? ಗಲ್ಲಾಪೆಟ್ಟಿಗೆ ಖಾಲಿಯಾದ ದಿನವೇ ಷೇರಿನ ಮೌಲ್ಯವೂ ಕುಸಿಯುತ್ತದೆ. ಮನೆ ಖರ್ಚಿಗಾಗಿ, ನೌಕರರ ಸಂಬಳಕ್ಕಾಗಿ ಆ ಷೇರುಗಳನ್ನು ಅತಿ ಕಡಿಮೆ ಬೆಲೆಗೆ ಮಾರಬೇಕಾಗುತ್ತದೆ. ಮುಂದೆ ಬೆಲೆ ಐದು ಪಟ್ಟು ಏರಿದರೂ ಅದು ಅವರ ಪಾಲಿಗೆ ಬರುವುದಿಲ್ಲ.

ಹೂಡಿಕೆಯ ಉದ್ದೇಶ ನಮ್ಮ ದುಡಿಮೆ ನಿಂತಾಗ ನಮ್ಮನ್ನು ಪೊರೆಯುವುದು. ದುಡಿಮೆಯ ಜೊತೆಗೇ ಬೀಳುವ ಹೂಡಿಕೆ ಆ ಕೆಲಸ ಮಾಡಲಾರದು. ಲಕ್ಷಾಂತರ ಮಂದಿ ಲಾಭ ಗಳಿಸಿದ ಷೇರು ಹೋಟೆಲು ಮಾಲೀಕರಿಗೆ ತಕ್ಕದಲ್ಲದಿರಬಹುದು. ಸರ್ಕಾರಿ ನೌಕರನಿಗೆ ತಕ್ಕುದಾಗಿರಬಹುದು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಗ್ರಾಹಕರ ಮುಂಗಡವನ್ನು ಕಳೆದ ಮೇಲೆ ಕಂಪನಿಯ ನಗದು ಎಷ್ಟು ತಿಂಗಳ ನಿಶ್ಚಿತ ವೆಚ್ಚಕ್ಕೆ ಸಾಕು? ಎಷ್ಟು ತಿಂಗಳಲ್ಲಿ ರೋಗ ತೊಲಗೀತೆಂದು ನಾವು ಊಹಿಸುತ್ತೇವೆಯೋ ಅದರ ಎರಡರಷ್ಟಾದರೂ ಇರಬೇಕು.

2. ಮುಂದಿನ 12 ತಿಂಗಳಲ್ಲಿ ತೀರಿಸಬೇಕಾದ ಸಾಲ ಮತ್ತು ಗುತ್ತಿಗೆ ಹೊಣೆ ಎಷ್ಟು?

3. ಲೆಕ್ಕಪರಿಶೋಧಕರ ವರದಿಯಲ್ಲಿ ಕಂಪನಿ ಮುಂದುವರಿಯುವ ಬಗ್ಗೆ ‘ಮಹತ್ವದ ಅನಿಶ್ಚಿತತೆ’ ಇದೆಯೆಂಬ ಮಾತಿದೆಯೇ? ಇದ್ದರೆ ಅಲ್ಲಿಗೇ ನಿಲ್ಲುವುದು ಲೇಸು.

4. ಪ್ರವರ್ತಕರಿಗೆ ಹೊಸ ಹಣ ತೊಡಗಿಸುವ ಶಕ್ತಿಯಿದೆಯೇ? ಅವರ ಷೇರುಗಳಲ್ಲಿ ಎಷ್ಟು ಪಾಲು ಒತ್ತೆಯಲ್ಲಿದೆ?

5. ಷೇರುಗಳ ಒಟ್ಟು ಸಂಖ್ಯೆ ಎಷ್ಟು ಹೆಚ್ಚಿದೆ? ಹಳೆಯ ಬೆಲೆಯ ಜೊತೆ ಇಂದಿನ ಬೆಲೆಯನ್ನು ಹೋಲಿಸುವ ಮೊದಲು ಇದನ್ನು ನೋಡಬೇಕು. ಷೇರು ವಿಭಜನೆಯಾಗಿದ್ದರೂ ಹೋಲಿಕೆ ತಪ್ಪುತ್ತದೆ. ಐಆರ್‌ಸಿಟಿಸಿಯ ಒಂದು ಷೇರು 2021ರ ಅಕ್ಟೋಬರ್‌ನಲ್ಲಿ ಐದಾಯಿತು.

6. ಈ ಹಣ ಕನಿಷ್ಠ ಐದು ವರ್ಷ ನಮಗೆ ಬೇಡವೇ? ಮಗಳ ಮದುವೆ, ಮಕ್ಕಳ ಕಾಲೇಜು ಶುಲ್ಕ, ಅಂಗಡಿಯ ದುಡಿಯುವ ಬಂಡವಾಳ ಇವುಗಳ ಹಣವಾದರೆ, ಅಥವಾ ಚಿನ್ನ ಅಡವಿಟ್ಟು ತಂದ ಸಾಲವಾದರೆ, ಉತ್ತರ ಸ್ಪಷ್ಟ.

ತೆರಿಗೆಯ ಬಗ್ಗೆಯೂ ಒಂದು ಮಾತು. ಹೂಡಿಕೆಯಾಗಿ ಇರಿಸಿಕೊಂಡ ಷೇರಿನ ಮಾರಾಟದಿಂದಾದ ನಷ್ಟವನ್ನು ಬಂಡವಾಳ ಲಾಭದ ಎದುರು ಮಾತ್ರ ವಜಾ ಮಾಡಿಕೊಳ್ಳಬಹುದು. ಹೋಟೆಲಿನ ಲಾಭದ ಎದುರಾಗಲಿ ಸಂಬಳದ ಎದುರಾಗಲಿ ಅದಕ್ಕೆ ಅವಕಾಶವಿಲ್ಲ. ದೀರ್ಘಾವಧಿ ನಷ್ಟವಾದರೆ ದೀರ್ಘಾವಧಿ ಲಾಭದ ಎದುರು ಮಾತ್ರ. ಉಳಿದ ನಷ್ಟವನ್ನು 8 ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಆದರೆ ಆ ವರ್ಷದ ಆದಾಯ ವಿವರಪಟ್ಟಿಯನ್ನು ಗಡುವಿನೊಳಗೆ ಸಲ್ಲಿಸಿರಬೇಕು. ‘ನಷ್ಟವೇ ಆಗಿದೆ, ರಿಟರ್ನ್ ಏಕೆ?’ ಎಂದು ಸುಮ್ಮನಿರುವವರು ಈ ಸೌಲಭ್ಯವನ್ನೂ ಕಳೆದುಕೊಳ್ಳುತ್ತಾರೆ.

ಪ್ರಯಾಣ ಕಂಪನಿಗಳ ಷೇರನ್ನು ಎಂದಿಗೂ ಕೊಳ್ಳಬಾರದು ಎಂಬುದು ಈ ಲೇಖನದ ಅಭಿಪ್ರಾಯವಲ್ಲ. ಜನ ಮತ್ತೆ ಓಡಾಡುತ್ತಾರೆ, ಯಾತ್ರೆ ಹೋಗುತ್ತಾರೆ, ಉದ್ಯಮ ಚೇತರಿಸುತ್ತದೆ. ಉದ್ಯಮ ಉಳಿಯುವುದು ಬೇರೆ, ನಾವು ಆರಿಸಿದ ಕಂಪನಿ ಉಳಿಯುವುದು ಬೇರೆ. ಕಂಪನಿ ಉಳಿದರೂ ನಮ್ಮ ಷೇರಿನ ಮೌಲ್ಯ ಉಳಿಯುವುದು ಮತ್ತೂ ಬೇರೆ. ಹೋಟೆಲು, ಬಸ್ಸು, ವಸತಿಗೃಹ ನಡೆಸುವ ಸದಸ್ಯರು ಮೊದಲು ಆರು ತಿಂಗಳ ಖರ್ಚಿನಷ್ಟು ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಇರಿಸಲಿ. 2020ರ ಫೆಬ್ರವರಿ 4ರಿಂದ ಪ್ರತಿ ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂ.ವರೆಗೆ ವಿಮಾ ರಕ್ಷಣೆಯಿದೆ. ಅದಾದ ಬಳಿಕ ಉಳಿದ ಹಣದಲ್ಲಿ, ಅದರಲ್ಲಿಯೂ ಒಂದು ಸಣ್ಣ ಪಾಲಿನಲ್ಲಿ, ಮೇಲಿನ ಆರು ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ಸಿಕ್ಕ ಕಂಪನಿಯನ್ನು ಮಾತ್ರ ಪರಿಗಣಿಸಲಿ.